ರೋಸ್ಮೆರಿ ಕಡ್ಡಿ ಬೇರು ಬಿಡ್ತಾನೇ ಇಲ್ಲ, ನಿಮ್ಮ ಅನುಭವ ಹೇಳಿ

ಪುದೀನ ಕಡ್ಡಿಯನ್ನು ಲೋಟದ ನೀರಲ್ಲಿ ಇಟ್ಟೆ, ವಾರದೊಳಗೆ ಬೇರು ಬಂತು. ಅದೇ ಧೈರ್ಯದಲ್ಲಿ ರೋಸ್ಮೆರಿ ಇಟ್ಟೆ. ಮೂರು ಸಲ ಬುಡ ಕಪ್ಪಾಗಿ ಹೋಯಿತು. ನಾಲ್ಕನೇ ಸಲ ಮಣ್ಣಿಗೆ ಚುಚ್ಚಿದೆ, ಎರಡು ವಾರ ಹಸಿರಾಗೇ ಇತ್ತು, ಕಿತ್ತು ನೋಡಿದರೆ ಏನೂ ಇಲ್ಲ! ತುಳಸಿ, ಥೈಮ್, ದೊಡ್ಡಪತ್ರೆ ಕೂಡ ಕಡ್ಡಿಯಿಂದಲೇ ಮಾಡಬೇಕು ಅಂತಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

*

ಕಿತ್ತು ನೋಡಿದ್ದೇ ತಪ್ಪು. ರೋಸ್ಮೆರಿಗೆ 4ರಿಂದ 8 ವಾರ ಬೇಕು. ಪುದೀನದ ಲೆಕ್ಕ ಅದಕ್ಕೆ ಹಾಕಬೇಡಿ. ನಾನೂ ಮೊದಲ ವರ್ಷ ದಿನ ಬಿಟ್ಟು ದಿನ ಎಳೆದು ನೋಡಿ ಎಲ್ಲವನ್ನೂ ಕೊಂದೆ, ಆಗಷ್ಟೇ ಹೊರಟ ಬೇರು ಮುಟ್ಟಿದರೆ ಮುರಿಯುವಷ್ಟು ಸೂಕ್ಷ್ಮ, ಅಲ್ವಾ?

ಇನ್ನು ಕಡ್ಡಿಯ ಆಯ್ಕೆ. ಹೂ ಬಿಟ್ಟಿದ್ದು ಬೇಡ, ಬುಡದ ಕಂದು ಕಟ್ಟಿಗೆಯೂ ಬೇಡ, ಈ ವರ್ಷ ಬೆಳೆದ ತುದಿಯಲ್ಲಿ ಸುಮಾರು 10 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ, ಹರಿತವಾದ ಕತ್ತರಿಯಲ್ಲಿ ಕತ್ತರಿಸಿ. ಕೆಳಗಿನ ಅರ್ಧದ ಎಲೆ ಸವರಿಬಿಡಿ. ಮಣ್ಣಿನೊಳಗೆ ಸೇರಿದ ಎಲೆ ಕೊಳೆತು ಕಡ್ಡಿಯನ್ನೂ ಕೊಳೆಸುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ದಪ್ಪ ಮರಳು ಸಮಸಮ ಸಾಕು. ಗೊಬ್ಬರ ಹಾಕಬೇಡಿ, ಬೇರೇ ಇಲ್ಲದ್ದಕ್ಕೆ ಊಟ ಯಾಕೆ? ಬೆಳಕು ಚೆನ್ನಾಗಿರುವ ನೆರಳಲ್ಲಿಟ್ಟು ಮರೆತುಬಿಡಿ. ಆರು ಕಡ್ಡಿ ಚುಚ್ಚಿ, ಎರಡು ಬಂದರೂ ಗೆದ್ದಿರಿ.

*

ಮೇಲಿನವರು ಹೇಳಿದ್ದೆಲ್ಲ ಸರಿ, ಒಂದು ಸೇರಿಸುತ್ತೇನೆ. ಪ್ಲಾಸ್ಟಿಕ್ ಕವರ್ ಮುಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಬೇರಿಲ್ಲದ ಕಡ್ಡಿಗೆ ನೀರು ಹೀರುವುದು ಕಷ್ಟ, ಎಲೆ ಮಾತ್ರ ಆವಿ ಬಿಡುತ್ತಲೇ ಇರುತ್ತದೆ, ಅದಕ್ಕೇ ಆ ಕವರ್. ತುಳಸಿಯಂಥ ಮೆತ್ತಗಿನ ಎಲೆಗೆ ಒಳ್ಳೆಯದೇ. ಆದರೆ ರೋಸ್ಮೆರಿ, ಲ್ಯಾವೆಂಡರ್, ಥೈಮ್ ಒಣಹವೆಯ ಗಿಡಗಳು, ಬಿಗಿಯಾಗಿ ಮುಚ್ಚಿಟ್ಟರೆ ಬೂಸ್ಟು ಬರುತ್ತದೆ. ನನ್ನ ಲ್ಯಾವೆಂಡರ್ ಹಾಗೇ ಹೋಯಿತು. ಮುಚ್ಚಲೇಬೇಕೆಂದರೆ ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಿ.

ದೊಡ್ಡಪತ್ರೆಗೆ ಇದ್ಯಾವುದೂ ಬೇಡ. ಕಡ್ಡಿಯಲ್ಲೇ ನೀರಿದೆ. ಕತ್ತರಿಸಿದ ಜಾಗ ಒಂದು ದಿನ ಒಣಗಲಿ, ಆಮೇಲೆ ಚುಚ್ಚಿ. ನೀರು ಜಾಸ್ತಿ ಹಾಕಿದರೆ ಮಾತ್ರ ಸಾಯುತ್ತದೆ.

*

ತುಳಸಿ ನೀರಲ್ಲೇ ಬರುತ್ತದೆ. ತೆನೆ ಬಂದಿದ್ದರೆ ಚಿವುಟಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬೇರು ಎರಡು ಮೂರು ಸೆಂಟಿಮೀಟರ್ ಆದ ಕೂಡಲೇ ಮಣ್ಣಿಗೆ ಹಾಕಿ. ನಾನು ಚಂದ ಕಾಣುತ್ತದೆ ಅಂತ ಸುಮ್ನೆ ಎರಡು ತಿಂಗಳು ಲೋಟದಲ್ಲೇ ಬಿಟ್ಟೆ. ನೀರಿನ ಬೇರಿಗೆ ಮಣ್ಣು ಒಗ್ಗಲಿಲ್ಲ, ನೆಟ್ಟ ಮೂರನೇ ದಿನಕ್ಕೆ ಬಾಡಿ ಮಲಗಿತು.

*

ಬೇರು ಬರಿಸಲು ಕಡ್ಡಿಯ ಬುಡಕ್ಕೆ ಹಚ್ಚುವ ರೂಟಿಂಗ್ ಹಾರ್ಮೋನ್ ಪುಡಿ ಬಗ್ಗೆ ಯಾರೂ ಹೇಳಿಲ್ಲವಲ್ಲ. ಪುದೀನ, ತುಳಸಿಗೆ ದಂಡ. ರೋಸ್ಮೆರಿಗೆ ನನಗಂತೂ ಉಪಯೋಗ ಆಗಿದೆ. ಪುಡಿಯನ್ನು ಬೇರೆ ತಟ್ಟೆಗೆ ಸ್ವಲ್ಪ ಸುರಿದುಕೊಂಡು ಅದ್ದಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಿ. ಡಬ್ಬಿಗೇ ಹಸಿ ಕಡ್ಡಿ ಅದ್ದಿದರೆ ಉಳಿದ ಪುಡಿಯೂ ಕೆಡುತ್ತದೆ. ಜೇನು, ದಾಲ್ಚಿನ್ನಿ ಎಲ್ಲ ಮಾಡಿ ನೋಡಿದ್ದೇನೆ, ಹಾಕದ ಕಡ್ಡಿಗೂ ಹಾಕಿದ್ದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

*

ನಗಬೇಡಿ, ನಾನು ಎಲೆ ಸವರಿದ ಕಡ್ಡಿಗಳನ್ನು ತಲೆಕೆಳಗಾಗಿ ನೆಟ್ಟು ತಿಂಗಳುಗಟ್ಟಲೆ ಕಾದಿದ್ದೇನೆ. ಬೇರು ಹುಟ್ಟಿಸುವ ಆಕ್ಸಿನ್ ಎಂಬ ಗಿಡದ ಹಾರ್ಮೋನ್ ಕುಡಿಯಿಂದ ಬುಡದ ಕಡೆಗೆ ಇಳಿಯುತ್ತದೆ, ಹಾಗಾಗಿ ಗಿಡದಲ್ಲಿ ಬುಡವಾಗಿದ್ದದ್ದೇ ಮಣ್ಣಿನಲ್ಲೂ ಬುಡವಾಗಬೇಕು. ಈಗ ಮೇಲ್ಗಡೆ ನೇರ, ಕೆಳಗೆ ಓರೆ ಕತ್ತರಿಸುತ್ತೇನೆ, ಗೊಂದಲವೇ ಇಲ್ಲ.

*

ಎಲ್ಲರಿಗೂ ಥ್ಯಾಂಕ್ಸ್. ಕೀಳದೆ ಬೇರು ಬಂದಿದೆ ಅಂತ ತಿಳಿಯೋದು ಹೇಗೆ? ಹೊಸ ಚಿಗುರು ಬಂದರೆ ಸಾಕಾ?

*

ಸಾಲದು. ಕಡ್ಡಿಯಲ್ಲಿ ಉಳಿದ ಸತ್ವದಿಂದಲೇ ಒಂದೆರಡು ಎಲೆ ಚಿಗುರಿ ಮೋಸ ಮಾಡುತ್ತವೆ. ತಳಕ್ಕೆ ತೂತು ಮಾಡಿದ ಪಾರದರ್ಶಕ ಕಪ್‌ನಲ್ಲಿ ನೆಡಿ, ಅದನ್ನು ಬೆಳಕು ಬೀಳದ ಇನ್ನೊಂದು ಕಪ್‌ನೊಳಗೆ ಇಡಿ. ನೋಡಬೇಕೆನಿಸಿದಾಗ ಒಳಗಿನ ಕಪ್ ಎತ್ತಿ, ಬೇರು ಬಂದಿದ್ದರೆ ಗೋಡೆಗೆ ಅಂಟಿಕೊಂಡು ಬೆಳ್ಳಗೆ ಕಾಣುತ್ತದೆ.