ಡೆಸ್ಕ್‌ಟಾಪ್ ಯಾವಾಗೆಂದರೆ ಆವಾಗ ಕ್ರ್ಯಾಶ್ ಆಗುತ್ತಿದೆ, ಪವರ್ ಸಪ್ಲೈ ಬದಲಿಸಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ ಬಿಡಿಭಾಗ ತಂದು ಜೋಡಿಸಿದ್ದು. ಮೊದಲು 16 ಜಿಬಿ ರ‍್ಯಾಮ್ ಇತ್ತು. ಸಾಲದು ಅಂತ ಆಮೇಲೆ ಇನ್ನೊಂದು 16 ಜಿಬಿ ಜೋಡಿ ಹಾಕಿದೆ. ಈಗ ನಾಲ್ಕೂ ಸ್ಲಾಟ್ ಭರ್ತಿ. ಡಿಡಿಆರ್4, 3600 ವೇಗದ್ದು. ವಿಂಡೋಸ್ 11, 650 ವ್ಯಾಟ್ ಪವರ್ ಸಪ್ಲೈ, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್.

ಕೆಲವು ತಿಂಗಳಿಂದ ಹೇಳದೆ ಕೇಳದೆ ಕ್ರ್ಯಾಶ್ ಆಗುತ್ತಿದೆ. ಒಮ್ಮೊಮ್ಮೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತದೆ. ಒಮ್ಮೊಮ್ಮೆ ಏನೂ ತೋರಿಸದೆ ಸೀದಾ ರೀಸ್ಟಾರ್ಟ್. ಗಂಟೆಗಟ್ಟಲೆ ಗೇಮ್ ಆಡಿದರೂ ಏನೂ ಆಗುವುದಿಲ್ಲ, ಬ್ರೌಸರ್‌ನಲ್ಲಿ ಸುಮ್ನೆ ಏನೋ ಓದುತ್ತಿದ್ದಾಗ ಆಗುತ್ತದೆ! ಥರ್ಮಲ್ ಪೇಸ್ಟ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಪ್ರಯೋಜನ ಆಗಲಿಲ್ಲ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಅಂತ ಕೆಂಪು ಗುರುತು ಕಾಣುತ್ತದೆ. ಅದನ್ನು ನೋಡಿದ ಸ್ನೇಹಿತರು ಪವರ್ ಸಪ್ಲೈ ಹೋಗಿದೆ ಅಂತಾರೆ. ಬದಲಿಸಿಬಿಡಲಾ?

ಉತ್ತರ:
ಈಗಲೇ ಬೇಡ. ದುಡ್ಡು ಕೈಯಲ್ಲೇ ಇರಲಿ.

ಮೊದಲು ಆ 41ರ ವಿಷಯ. ಅದರಲ್ಲಿ 'ಪವರ್' ಅನ್ನುವ ಪದ ಇರುವುದರಿಂದ ಎಷ್ಟೋ ಒಳ್ಳೆಯ ಪವರ್ ಸಪ್ಲೈಗಳು ಕಸಕ್ಕೆ ಹೋಗಿವೆ. ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದಿಡುವ ಸಾಲು ಅದು, ಅಷ್ಟೇ. ಆಸ್ಪತ್ರೆಗೆ ತಂದಾಗ ರೋಗಿಗೆ ಪ್ರಜ್ಞೆ ಇರಲಿಲ್ಲ ಅಂತ ಬರೆದ ಹಾಗೆ. ಯಾಕೆ ತಪ್ಪಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ನೀಲಿ ಪರದೆ ಬಂದರೂ 41, ಕರೆಂಟ್ ಹೋದರೂ 41, ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41.

ಆದರೆ ಅದರೊಳಗೆ ಕೆಲಸಕ್ಕೆ ಬರುವ ಒಂದು ವಿಷಯ ಇದೆ. ಆ ಸಾಲು ತೆರೆದು 'ಡೀಟೇಲ್ಸ್' ಟ್ಯಾಬ್‌ಗೆ ಹೋಗಿ. ಅಲ್ಲಿ 'ಬಗ್‌ಚೆಕ್ ಕೋಡ್' ಅಂತ ಇರುತ್ತದೆ. ಅದು 0 ಆಗಿದ್ದರೆ ವಿಂಡೋಸ್‌ಗೆ ಏನಾಯಿತು ಅಂತ ನೋಡುವುದಕ್ಕೂ ಸಮಯ ಸಿಗಲಿಲ್ಲ ಎಂದು ಅರ್ಥ. ಕರೆಂಟ್ ಕಡಿತ, ರೀಸೆಟ್, ಇಲ್ಲವೇ ಪೂರ್ತಿ ಹೆಪ್ಪುಗಟ್ಟಿದ ಸ್ಥಿತಿ. 0 ಅಲ್ಲದಿದ್ದರೆ ಅದು ನೀಲಿ ಪರದೆಯ ಕೋಡ್. ಇಲ್ಲಿ ಅದನ್ನು ಹತ್ತರ ಲೆಕ್ಕದಲ್ಲಿ ಬರೆದಿರುತ್ತಾರೆ, ಪರದೆಯಲ್ಲಿ ಹದಿನಾರರ ಲೆಕ್ಕದಲ್ಲಿ. ಇಲ್ಲಿ 26 ಅಂತ ಇದ್ದರೆ ಅಲ್ಲಿ 0ಎಕ್ಸ್1ಎ. ಇದು ಗೊತ್ತಿಲ್ಲದೆ ಹುಡುಕಿದರೆ ಸಂಬಂಧವಿಲ್ಲದ ಉತ್ತರಗಳೇ ಸಿಗುತ್ತವೆ.

ನೀವು ಒಂದೇ ಕಾಯಿಲೆ ಅಂದುಕೊಂಡಿದ್ದೀರಿ. ಬರೆದಿರುವುದನ್ನು ಓದಿದರೆ ನನಗೆ ಎರಡು ಇರಬಹುದು ಅನ್ನಿಸುತ್ತಿದೆ. ನೀಲಿ ಪರದೆ ಬೇರೆ, ಏನೂ ಹೇಳದೆ ರೀಸ್ಟಾರ್ಟ್ ಆಗುವುದು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಯಾವುದೂ ಸಿಗುವುದಿಲ್ಲ.

ಆದ್ದರಿಂದ ಇಷ್ಟು ಮಾಡಿ. 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ತೆರೆದು 'ಸ್ಟಾರ್ಟಪ್ ಅಂಡ್ ರಿಕವರಿ'ಯಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಇನ್ನು ಮುಂದೆ ನೀಲಿ ಪರದೆ ಬಂದರೆ ನಿಂತಿರುತ್ತದೆ, ಫೋನಿನಲ್ಲಿ ಫೋಟೋ ತೆಗೆಯಿರಿ. ಇತ್ತೀಚಿನ ವಿಂಡೋಸ್ 11ರಲ್ಲಿ ಪರದೆ ಕಪ್ಪಾಗಿದೆ, ಅದನ್ನು ನೋಡಿ ಗಾಬರಿ ಬೇಡ. ಟಿಕ್ ತೆಗೆದ ಮೇಲೂ ಏನೂ ತೋರಿಸದೆ ರೀಸ್ಟಾರ್ಟ್ ಆದರೆ ಅದು ನಿಜಕ್ಕೂ ಎರಡನೇ ಜಾತಿಯದು.

ಒಂದು ಹಾಳೆ ಇಟ್ಟುಕೊಂಡು ಪ್ರತಿ ಸಲ ಬರೆಯಿರಿ: ಹೇಗೆ ನಿಂತಿತು, ಆಗ ಏನು ಓಡುತ್ತಿತ್ತು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು. ಬೇಸರದ ಕೆಲಸ, ಗೊತ್ತು. ಆದರೆ ರಿಪೇರಿಗೆ ಬರುವವರಲ್ಲಿ ಈ ಹಾಳೆ ತರುವವರ ಕೆಲಸ ಬೇಗ ಮುಗಿಯುತ್ತದೆ.

ಜೊತೆಗೆ ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಉಚಿತ ತಂತ್ರಾಂಶವನ್ನು ಯುಎಸ್‌ಬಿಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಿಲ್ಲ, ಎಷ್ಟೋ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಮೊದಲು ಈಗಿರುವ ಸೆಟ್ಟಿಂಗ್‌ನಲ್ಲೇ ಓಡಿಸಿ. ದೋಷ ಬಂದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಪ್ಯಾಕೆಟ್ ಮೇಲಿನ ವೇಗಕ್ಕೆ ಓಡಿಸುವ ಸೆಟ್ಟಿಂಗ್, ಆಫ್ ಮಾಡಿ ಮತ್ತೆ ಓಡಿಸಿ. ಒಂದೇ ಒಂದು ದೋಷ ಬಂದರೂ ಅದು ಫೇಲ್. 'ಒಂದೇ ಅಲ್ವಾ' ಅಂತ ಬಿಡುವ ಹಾಗಿಲ್ಲ.

ಕೇಳಿದವರು:
ನೀವು ಹೇಳಿದ ಹಾಗೆ ಮಾಡಿದೆ. ನೀಲಿ ಪರದೆಯಲ್ಲಿ ಪ್ರತಿ ಸಲ ಬೇರೆ ಬೇರೆ ಹೆಸರು. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಒಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಇನ್ನೊಮ್ಮೆ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್'. ಕ್ರ್ಯಾಶ್ ಆದಾಗ ವಿಂಡೋಸ್ ಉಳಿಸುವ ಮಿನಿಡಂಪ್ ಫೈಲ್ ತೆರೆದರೆ ಎಲ್ಲದರಲ್ಲೂ 'ಎನ್‌ಟಿ ಓಎಸ್ ಕರ್ನಲ್', ಅಂದರೆ ವಿಂಡೋಸ್‌ನ ತಿರುಳು, ಕಾರಣ ಅಂತಿದೆ. ಹಾಗಾದರೆ ವಿಂಡೋಸ್‌ನದೇ ತಪ್ಪಾ? ಮೆಮ್‌ಟೆಸ್ಟ್‌ನಲ್ಲಿ ಎಕ್ಸ್‌ಎಂಪಿ ಆನ್ ಇದ್ದಾಗ ಮೊದಲ ಸುತ್ತಿನಲ್ಲೇ ಕೆಂಪು ಸಾಲುಗಳು ಬಂದವು. ಆಫ್ ಮಾಡಿದರೆ ಒಂದೂ ಇಲ್ಲ. ಕುತೂಹಲಕ್ಕೆ ಹಳೆಯ ಜೋಡಿ ಮಾತ್ರ, ಹೊಸ ಜೋಡಿ ಮಾತ್ರ ಹಾಕಿ ಎಕ್ಸ್‌ಎಂಪಿ ಆನ್ ಮಾಡಿ ನೋಡಿದೆ. ಎರಡೂ ಪಾಸ್. ಇದು ನನಗೆ ಅರ್ಥ ಆಗಲಿಲ್ಲ.

ಉತ್ತರ:
ಕುತೂಹಲಕ್ಕೆ ಮಾಡಿದ ಆ ಪರೀಕ್ಷೆಯೇ ಉತ್ತರ ಕೊಟ್ಟಿದೆ.

ಪ್ರತಿ ಸಲವೂ ಒಂದೇ ಕೋಡ್, ಒಂದೇ ಡ್ರೈವರ್ ಹೆಸರು ಬಂದರೆ ಆ ಡ್ರೈವರ್ ಹಿಂದೆ ಹೋಗಬಹುದು. ಡ್ರೈವರ್ ಒಂದೇ ಸಾಕು ಕಂಪ್ಯೂಟರ್ ಕೆಡವಲು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು, ಕಾರಣ ಹಾರ್ಡ್‌ವೇರ್ ಆಗಿರಲಿಲ್ಲ. ಆದರೆ ನಿಮ್ಮ ಹಾಗೆ ಪ್ರತಿ ಸಲ ಬೇರೆ ಕೋಡ್ ಬಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಯಾವ ಪ್ರೋಗ್ರಾಂನ ಡೇಟಾ ಮೆಮೊರಿಯಲ್ಲಿ ತಪ್ಪು ಆದ ಜಾಗದಲ್ಲಿ ಕೂತಿತ್ತೋ ಅದು ಬೀಳುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು. ಡಂಪ್‌ನಲ್ಲಿ ಕರ್ನಲ್ ಹೆಸರು ಬರುವುದು ಸಾಮಾನ್ಯ. ತಪ್ಪು ಕಂಡುಹಿಡಿದವರ ಹೆಸರು ಅದು, ಮಾಡಿದವರದ್ದಲ್ಲ.

ಈಗ ನಾಲ್ಕು ಮೆಮೊರಿ ಕಡ್ಡಿಗಳ ವಿಷಯ. ಪ್ಯಾಕೆಟ್ ಮೇಲೆ 3600 ಅಂತ ಬರೆದಿದ್ದರೆ ಆ ಪ್ಯಾಕೆಟ್‌ನೊಳಗಿನ ಜೋಡಿ ಒಟ್ಟಿಗೆ ಆ ವೇಗಕ್ಕೆ ಓಡುತ್ತದೆ ಎಂದು ಅರ್ಥ. ಬೇರೆ ಪ್ಯಾಕೆಟ್ ಜೊತೆ ಸೇರಿದಾಗಲೂ ಓಡುತ್ತದೆ ಅಂತ ಯಾರೂ ಭರವಸೆ ಕೊಟ್ಟಿಲ್ಲ. ಬ್ರಾಂಡ್, ಮಾಡೆಲ್ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಮೇಲಿಂದ, ಎರಡು ಕಡ್ಡಿಯ ಬದಲು ನಾಲ್ಕು ಇದ್ದರೆ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿ. ಎಕ್ಸ್‌ಎಂಪಿ ಅನ್ನುವುದು ಒಂದು ರೀತಿಯ ಓವರ್‌ಕ್ಲಾಕ್, ಅಂದರೆ ಮಾಮೂಲಿಗಿಂತ ಹೆಚ್ಚಿನ ವೇಗಕ್ಕೆ ಓಡಿಸುವುದು. ತುಂಬ ಜನ ಅದನ್ನು ಮಾಮೂಲಿ ಸೆಟ್ಟಿಂಗ್ ಅಂದುಕೊಂಡಿರುತ್ತಾರೆ.

ನಿಮ್ಮ ರ‍್ಯಾಮ್ ಯಾವುದೂ ಕೆಟ್ಟಿಲ್ಲ. ಎಕ್ಸ್‌ಎಂಪಿ ಆನ್ ಮಾಡಿ, ವೇಗ ಮಾತ್ರ ಕೈಯಿಂದ 3200ಕ್ಕೆ ಇಳಿಸಿ. ಮೆಮ್‌ಟೆಸ್ಟ್ ಕನಿಷ್ಠ ನಾಲ್ಕು ಸುತ್ತು ಪಾಸ್ ಆದರೆ ಅಲ್ಲೇ ಇರಲಿ. ಆಗದಿದ್ದರೆ ಇನ್ನೂ ಇಳಿಸಿ. ವೋಲ್ಟೇಜ್ ಏರಿಸಿ 3600ರಲ್ಲೇ ಓಡಿಸಿ ಅಂತ ಯಾರಾದರೂ ಸಲಹೆ ಕೊಡಬಹುದು. ಮನೆಯಲ್ಲಿ ದಿನಾ ಬಳಸುವ ಯಂತ್ರಕ್ಕೆ ಆ ಸರ್ಕಸ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ದಿನದ ಕೆಲಸದಲ್ಲಿ 3200ಕ್ಕೂ 3600ಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. 32 ಜಿಬಿ ನಿಜಕ್ಕೂ ಬೇಕಿಲ್ಲ ಅಂದರೆ ಒಂದು ಜೋಡಿ ತೆಗೆದರೂ ಆಯಿತು. ಆಗ ಉಳಿದ ಎರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಹಾಗೆಯೇ, ಆದರೂ ಮ್ಯಾನುಯಲ್ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ನೀವು ವಿಂಡೋಸ್ ಹೊಸದಾಗಿ ಹಾಕಿದ್ದು ಈ ತಪ್ಪು ಮಾಡುವ ರ‍್ಯಾಮ್ ಮೂಲಕವೇ. ಡಿಸ್ಕ್‌ಗೆ ಹೋದ ಸಿಸ್ಟಮ್ ಫೈಲ್‌ಗಳಲ್ಲೂ ಕೆಲವು ಕೆಟ್ಟಿರಬಹುದು. ರ‍್ಯಾಮ್ ಸರಿಯಾದ ಮೇಲೆ ವಿಂಡೋಸ್‌ನದೇ ಆದ ಡಿಐಎಸ್‌ಎಂ ರಿಪೇರಿ ಕಮಾಂಡ್ ಓಡಿಸಿ, ಅದು ಮುಗಿದ ಮೇಲೆ ಸಿಸ್ಟಮ್ ಫೈಲ್‌ಗಳನ್ನು ನೋಡಿ ಸರಿಪಡಿಸುವ ಎಸ್‌ಎಫ್‌ಸಿ ಕಮಾಂಡ್. ಈ ಕ್ರಮದಲ್ಲೇ. ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತರುವ ಸಂಗ್ರಹವನ್ನೇ ಡಿಐಎಸ್‌ಎಂ ಸರಿ ಮಾಡುತ್ತದೆ. ಈ ತಿಂಗಳುಗಳಲ್ಲಿ ಕಾಪಿ ಮಾಡಿದ ಫೋಟೋ, ಜಿಪ್ ಫೈಲ್‌ಗಳನ್ನೂ ತೆರೆದು ನೋಡಿ. ಹಳೆಯ ಬ್ಯಾಕಪ್ ಇದ್ದರೆ ಅದನ್ನು ಈಗಲೇ ಅಳಿಸಬೇಡಿ.

ಕೇಳಿದವರು:
3200ಕ್ಕೆ ಇಳಿಸಿದೆ. ಮೆಮ್‌ಟೆಸ್ಟ್ ಪಾಸ್. ನೀಲಿ ಪರದೆ ಪೂರ್ತಿ ನಿಂತಿದೆ, ತುಂಬ ಥ್ಯಾಂಕ್ಸ್. ಆದರೆ ಏನೂ ತೋರಿಸದೆ ರೀಸ್ಟಾರ್ಟ್ ಆಗುವುದು ಇನ್ನೂ ಇದೆ. ಬಗ್‌ಚೆಕ್ ಕೋಡ್ 0. ಈಗಲಾದರೂ ಪವರ್ ಸಪ್ಲೈ ಬದಲಿಸಲಾ?

ಉತ್ತರ:
ಈಗ ಅದರ ಮೇಲೆ ಅನುಮಾನ ಪಡಬಹುದು, ಆದರೆ ಸರದಿಯಲ್ಲಿ ಅದು ಕೊನೆಗೆ.

ಮೊದಲು ಅದೇ ಸಮಯಕ್ಕೆ ಈವೆಂಟ್ ವ್ಯೂವರ್‌ನಲ್ಲಿ 'ವೀಯಾ ಲಾಗರ್' (WHEA-Logger) ಅನ್ನುವ ಸಾಲು ಇದೆಯಾ ನೋಡಿ. 18ನೇ ನಂಬರ್ ಇದ್ದರೆ ಹಾರ್ಡ್‌ವೇರೇ ದೋಷ ವರದಿ ಮಾಡಿದೆ ಎಂದು ಅರ್ಥ. ಆಗ ಪ್ರೊಸೆಸರ್‌ನ ಓವರ್‌ಕ್ಲಾಕ್, ಅಂಡರ್‌ವೋಲ್ಟ್ (ವೋಲ್ಟೇಜ್ ಕಡಿಮೆ ಮಾಡುವುದು) ಏನಿದ್ದರೂ ತೆಗೆದು ಬಯಾಸ್ ಡಿಫಾಲ್ಟ್‌ಗೆ ತನ್ನಿ. ಅಂಡರ್‌ವೋಲ್ಟ್ ಮಾಡಿದ ಪ್ರೊಸೆಸರ್ ಭಾರದ ಕೆಲಸದಲ್ಲಿ ಗಟ್ಟಿಯಾಗಿ ನಿಂತು, ಖಾಲಿ ಕೂತಾಗ ಬೀಳುವುದುಂಟು. ಡಿಫಾಲ್ಟ್‌ಗೆ ತಂದರೆ ರ‍್ಯಾಮ್ ವೇಗದ ಸೆಟ್ಟಿಂಗ್ ಕೂಡ ಹೋಗುತ್ತದೆ, ಪರೀಕ್ಷೆ ಮುಗಿಯುವವರೆಗೆ ಹಾಗೇ ಬಿಡಿ.

ಆ ಸಾಲು ಇಲ್ಲದಿದ್ದರೆ ಕರೆಂಟ್ ಬರುವ ದಾರಿಯನ್ನು ಗೋಡೆಯಿಂದ ಹಿಡಿದು ನೋಡುತ್ತಾ ಬನ್ನಿ. ಎಕ್ಸ್‌ಟೆನ್ಷನ್ ಬೋರ್ಡ್, ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ಕೆಲವು ದಿನ ಬಳಸಿ. ಪವರ್ ಕೇಬಲ್ ಸಡಿಲ ಇದೆಯಾ ನೋಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಒಳಗಿನ 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ಕನೆಕ್ಟರ್ ಬಿಚ್ಚಿ ಮತ್ತೆ ಒತ್ತಿ ಕೂರಿಸಿ.

ಆಮೇಲೆ ಕ್ಯಾಬಿನೆಟ್ ಮುಂಭಾಗದ ರೀಸೆಟ್ ಬಟನ್. ನಗಬೇಡಿ. ಅದರ ತೆಳು ವೈರ್ ಮದರ್‌ಬೋರ್ಡ್‌ನ ಮೂಲೆಯಲ್ಲಿ ಎರಡು ಪಿನ್‌ಗೆ ಸಿಕ್ಕಿರುತ್ತದೆ. ಆ ಎರಡು ಪಿನ್ ಒಂದು ಕ್ಷಣ ತಾಗಿದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯಾವ ಲಾಗ್‌ನಲ್ಲೂ ಕಾರಣ ಬರುವುದಿಲ್ಲ, ಬರೀ 41 ಮತ್ತು 0. ಆ ವೈರ್ ಕಿತ್ತಿಡಿ. ರೀಸೆಟ್ ಬಟನ್ ಇಲ್ಲದೆ ಯಾವ ಕೆಲಸವೂ ನಿಲ್ಲುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ದಿನ ನೋಡಿ, ಆಮೇಲೆ ಮುಂದಿನದು. ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಒಳ್ಳೆಯ ಪವರ್ ಸಪ್ಲೈ ಎರವಲು ತಂದು ಹಾಕಿ ನೋಡಿ. ಕೇಬಲ್‌ಗಳನ್ನೂ ಅದರ ಜೊತೆಯೇ ತನ್ನಿ. ಬೇರೆ ಮಾಡೆಲ್‌ನ ಕೇಬಲ್ ಕನೆಕ್ಟರ್‌ಗೆ ಸರಿಯಾಗಿ ಕೂತರೂ ಪಿನ್‌ಗಳ ಜೋಡಣೆ ಬೇರೆ ಇರಬಹುದು, ಡಿಸ್ಕ್ ಸುಟ್ಟೇ ಹೋಗಬಹುದು. ನಿಮ್ಮದನ್ನು ಬಿಚ್ಚಿ ಒಳಗೆ ನೋಡಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಕೇಳಿದವರು:
ವೀಯಾ ಸಾಲು ಇರಲಿಲ್ಲ. ಗೋಡೆಯ ಸಾಕೆಟ್‌ಗೆ ಹಾಕಿದರೂ ಆಯಿತು. ರೀಸೆಟ್ ವೈರ್ ಕಿತ್ತ ಮೇಲೆ ಇದುವರೆಗೂ ಆಗಿಲ್ಲ! ಆ ಬಟನ್ ಒತ್ತಿದರೆ ಪೂರ್ತಿ ಹೊರಗೆ ಬರುವುದೇ ಇಲ್ಲ, ಒಳಗೇ ಅಂಟಿಕೊಳ್ಳುತ್ತದೆ. ಕ್ಯಾಬಿನೆಟ್ ಮೇಜಿನ ಕೆಳಗಿದೆ, ಓದುವಾಗ ಕಾಲು ತಾಗುತ್ತಿರುತ್ತದೆ.

ಉತ್ತರ:
ಹಾಗಾದರೆ ವೈರ್ ಹಾಗೇ ಇರಲಿ, ತುದಿಗೆ ಸ್ವಲ್ಪ ಟೇಪ್ ಸುತ್ತಿಡಿ. ಪವರ್ ಬಟನ್ ಕೂಡ ಹಾಗೇ ಅಂಟುತ್ತದಾ ನೋಡಿಕೊಳ್ಳಿ. ಅದು ಅಂಟಿದರೆ ರೀಸ್ಟಾರ್ಟ್ ಅಲ್ಲ, ಪೂರ್ತಿ ಆಫ್ ಆಗುತ್ತದೆ.

ಇನ್ನೊಬ್ಬ ಸದಸ್ಯರು:
ಇಲ್ಲೇ ಕೇಳುತ್ತೇನೆ. ನನ್ನದು ಗೇಮ್ ಆಡುವಾಗ ಮಾತ್ರ. ಪರದೆ ಕಪ್ಪಾಗುತ್ತದೆ, ಆದರೆ ಹಾಡು, ಮಾತು ಎಲ್ಲ ಕೇಳುತ್ತಲೇ ಇರುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದರೆ ಸರಿ ಹೋಗುತ್ತಾ?

ಉತ್ತರ:
ಶಬ್ದ ಬರುತ್ತಿದೆ ಅಂದರೆ ವಿಂಡೋಸ್ ಬದುಕಿದೆ. ಬಿದ್ದಿರುವುದು ಗ್ರಾಫಿಕ್ಸ್ ಕಡೆ. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು ರೀಸೆಟ್ ಮಾಡಲು ನೋಡುತ್ತದೆ. ಈವೆಂಟ್ ವ್ಯೂವರ್‌ನಲ್ಲಿ 'ಡಿಸ್ಪ್ಲೇ 4101' ಸಿಕ್ಕರೆ ಅದೇ. ಸೇಫ್ ಮೋಡ್‌ನಲ್ಲಿ ಡಿಡಿಯು (ಗ್ರಾಫಿಕ್ಸ್ ಡ್ರೈವರ್ ಅಳಿಸುವ ಉಚಿತ ತಂತ್ರಾಂಶ) ಬಳಸಿ ಹಳೆಯ ಡ್ರೈವರ್ ಪೂರ್ತಿ ಅಳಿಸಿ ಹೊಸದು ಹಾಕಿ. ಕಾರ್ಡ್‌ನಲ್ಲಿ ಎರಡು 8 ಪಿನ್ ಕನೆಕ್ಟರ್ ಇದ್ದರೆ ಒಂದೇ ಕೇಬಲ್‌ನ ಎರಡು ತಲೆ ಹಾಕಬೇಡಿ, ಪವರ್ ಸಪ್ಲೈಯಿಂದ ಎರಡು ಬೇರೆ ಕೇಬಲ್ ಎಳೆಯಿರಿ. ಪ್ರತಿ 8 ಪಿನ್‌ನ ಲೆಕ್ಕ 150 ವ್ಯಾಟ್, ಸ್ಲಾಟ್‌ನದು 75. ಆದರೆ ಕ್ಷಣ ಮಾತ್ರ ಕಾರ್ಡ್ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಹಳೆಯ ಪವರ್ ಸಪ್ಲೈ ತಡವರಿಸುವುದು ಅಲ್ಲೇ.

ಬಯಾಸ್ ಅಪ್‌ಡೇಟ್‌ನಿಂದ ನಿಮ್ಮ ಸಮಸ್ಯೆ ಹೋಗುವ ಸಾಧ್ಯತೆ ಕಡಿಮೆ. ಅದು ಕಡ್ಡಾಯ ಅನ್ನುವ ಒಂದು ಸಂದರ್ಭ ಇದೆ: ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು. ಅವುಗಳಲ್ಲಿ ಕೆಲವು ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತವೆ ಅಂತ ಕಂಪನಿಯೇ 2024ರಲ್ಲಿ ಹೇಳಿ, ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ 2 ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಬರುವುದು ಬಯಾಸ್ ಅಪ್‌ಡೇಟ್ ಮೂಲಕ. ಆದರೆ ಆಗಲೇ ಹಾಳಾದ ಪ್ರೊಸೆಸರ್ ಅದರಿಂದ ಸರಿಯಾಗುವುದಿಲ್ಲ, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು. ಯಾವ ಯಂತ್ರವೇ ಆಗಲಿ, ಕ್ರ್ಯಾಶ್ ಆಗುತ್ತಿರುವಾಗ ವಿಂಡೋಸ್ ಒಳಗಿಂದ ಬಯಾಸ್ ಅಪ್‌ಡೇಟ್ ಮಾಡಬೇಡಿ. ಮಧ್ಯದಲ್ಲಿ ನಿಂತರೆ ಬೋರ್ಡ್ ಹೋದ ಹಾಗೆಯೇ. ಯುಎಸ್‌ಬಿಗೆ ಫೈಲ್ ಹಾಕಿಕೊಂಡು ಬಯಾಸ್ ಒಳಗಿಂದಲೇ ಮಾಡಿ.