ಚೀಟಿ ಡೌನ್‌ಲೋಡ್ ಆಗದೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿದೆ, ಅನುಭವವಿದ್ದವರು ತಿಳಿಸಿ

ಕೇಳಿದವರು, ದಾವಣಗೆರೆ: ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದಕ್ಕೆ ಪಿಎಚ್‌ಪಿ ಭಾಷೆಯಲ್ಲಿ ಲೆಕ್ಕದ ತಂತ್ರಾಂಶ ಬರೆದಿದ್ದೇನೆ. ರೈತರ ತೂಕದ ಚೀಟಿ ಪಿಡಿಎಫ್ ಆಗಿ ಮೊಬೈಲಿಗೆ ಇಳಿಯಬೇಕು; ಆದರೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ತೂಕ ತಿದ್ದಿದರೂ ಹಳೆಯ ಚೀಟಿಯೇ ಬರುತ್ತದೆ. ನೀವೆಲ್ಲ ಯಾವ ಹೆಡರ್ (ಫೈಲಿನ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಸೂಚನೆ) ಹಾಕಿದ್ದೀರಿ?

ಚಿತ್ರದುರ್ಗ: ಪ್ರತಿ ಉಳಿಸಿಕೊಳ್ಳುವ ಬಗೆ ಹೇಳುವ ಕ್ಯಾಶ್-ಕಂಟ್ರೋಲ್ ಹೆಡರಿಗೆ ನೋ-ಸ್ಟೋರ್, ಅಂದರೆ ‘ಎಲ್ಲೂ ಪ್ರತಿ ಇಟ್ಟುಕೊಳ್ಳಬೇಡ’ ಎಂದು ಹಾಕಿ, ಬೇರೆ ಯೋಚನೆಯೇ ಬೇಡ. ರಕ್ತಪರೀಕ್ಷಾ ಕೇಂದ್ರವೊಂದರ ಕೆಲಸ ನನ್ನ ಕೈಗೆ ಬರುವಷ್ಟರಲ್ಲಿ ಹಿಂದಿನವರು ವರದಿಗಳಿಗೆಲ್ಲ ‘ಪಬ್ಲಿಕ್, ಮ್ಯಾಕ್ಸ್-ಏಜ್=86400’, ಅಂದರೆ ಯಾರು ಬೇಕಾದರೂ ಒಂದು ದಿನ ಪ್ರತಿ ಇಟ್ಟುಕೊಳ್ಳಬಹುದು ಎಂದು ಬರೆದಿಟ್ಟಿದ್ದರು. ಎಲ್ಲರಿಗೂ ಒಂದೇ ವಿಳಾಸ, ರೋಗಿಯ ಗುರುತು ಕುಕಿಯಲ್ಲಿ (ಬ್ರೌಸರ್ ಇಟ್ಟುಕೊಂಡು ಕಳಿಸುವ ಚಿಕ್ಕ ಮಾಹಿತಿ) ಮಾತ್ರ. ನಡುವೆ ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್ ಜಾಲ, ಅಂದರೆ ಸಿಡಿಎನ್, ಮೊದಲು ಕೇಳಿದವರ ವರದಿಯನ್ನೇ ಉಳಿದವರಿಗೂ ಹಂಚಿತು. ಮಗಳ ಥೈರಾಯ್ಡ್ ವರದಿ ಕೇಳಿದ ತಾಯಿಗೆ ಯಾರೋ ಹಿರಿಯರ ಸಕ್ಕರೆ ಕಾಯಿಲೆಯ ವರದಿ ಬಂತು. ಕೊನೆಯ ಕಂತಿನ 18,000 ರೂಪಾಯಿ ಇವತ್ತಿಗೂ ಕೈಸೇರಿಲ್ಲ. ಸಿಡಿಎನ್ ಬದಲಿಸಿದ 2,400 ರೂಪಾಯಿಯೂ ನನ್ನ ಜೇಬಿನಿಂದಲೇ ಹೋಯಿತು. ಯಾರದೋ ತಪ್ಪಿಗೆ ನಾನು ದಂಡ ಕಟ್ಟಿದೆ.

ಹದಡಿ ರಸ್ತೆ, ದಾವಣಗೆರೆ: ಇಂಥ ಕಣ್ಣುಮುಚ್ಚಿ ಕೊಡುವ ಸಲಹೆಯಿಂದಲೇ ನಾನು ನೊಂದದ್ದು. ಸಹಕಾರ ಸಂಘವೊಂದರಲ್ಲಿ ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8. ಎಚ್‌ಟಿಟಿಪಿಎಸ್ ಮೇಲೆ ನೋ-ಸ್ಟೋರ್ ಕಂಡರೆ ಅದು ಫೈಲನ್ನು ಉಳಿಸಿಕೊಳ್ಳುತ್ತಲೇ ಇರಲಿಲ್ಲ, ಡೌನ್‌ಲೋಡ್ ಅರ್ಧಕ್ಕೇ ಬೀಳುತ್ತಿತ್ತು. 9ರಲ್ಲಿ ಸರಿಪಡಿಸಿದರು, ಆದರೆ ಎಕ್ಸ್‌ಪಿಗೆ 9 ಬರಲೇ ಇಲ್ಲ. ಆ ಹೆಡರನ್ನು ಬರೆದವನೂ ನಾನಲ್ಲ! ಸೆಷನ್ (ಬಳಕೆದಾರರ ಗುರುತು ಹಿಡಿದಿಡುವ ವ್ಯವಸ್ಥೆ) ಶುರುವಾದೊಡನೆ ಪಿಎಚ್‌ಪಿ ತಾನಾಗಿ ನೋ-ಸ್ಟೋರ್ ಕಳಿಸುತ್ತದೆ, ಅವಧಿ ಮುಗಿಯುವ ದಿನ ಹೇಳುವ ಎಕ್ಸ್‌ಪೈರ್ಸ್ ಹೆಡರಿನಲ್ಲಿ 1981ರ ನವೆಂಬರ್ 19 ಎಂದು ಬರೆಯುತ್ತದೆ. ಆ ಹೆಡರುಗಳನ್ನು ಕಳಿಸುವ ಸೆಷನ್ನಿನ ಕ್ಯಾಶ್ ಲಿಮಿಟರ್ ತೆಗೆದು ‘ಪ್ರೈವೇಟ್, ಮ್ಯಾಕ್ಸ್-ಏಜ್=0, ಮಸ್ಟ್-ರಿವ್ಯಾಲಿಡೇಟ್’ (ಪ್ರತಿ ಆ ಬ್ರೌಸರಿನಲ್ಲಷ್ಟೇ ಇರಲಿ, ಪ್ರತಿ ಸಲವೂ ಸರ್ವರನ್ನು ಕೇಳಿ ಬಳಸಲಿ) ಹಾಕಿದ ಮೇಲೆಯೇ ಫೈಲ್ ಬಂದದ್ದು. ಅಷ್ಟರೊಳಗೆ ನಿರ್ವಹಣೆಯ 12,500 ರೂಪಾಯಿಗೆ ಕತ್ತರಿ ಬಿದ್ದಿತ್ತು. ಇಂದಿಗೂ ಅದನ್ನೇ ಇಟ್ಟುಕೊಂಡಿದ್ದೇನೆ, ಜೊತೆಗೆ ಇಟ್ಯಾಗ್, ಅಂದರೆ ಫೈಲಿನ ಆವೃತ್ತಿಯ ಗುರುತು. ಚೀಟಿ ಬದಲಾಗಿಲ್ಲವೆಂದರೆ ಸರ್ವರ್ 304 (‘ಬದಲಾಗಿಲ್ಲ’) ಎನ್ನುತ್ತದೆ, ಫೈಲ್ ಮತ್ತೆ ಇಳಿಯದೆ ರೈತರ ಮೊಬೈಲ್ ಡೇಟಾ ಉಳಿತಾಯವಾಗುತ್ತದೆ.

ಚಿತ್ರದುರ್ಗ: ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೇ ನಿವೃತ್ತಿಯಾಯಿತು ಸ್ವಾಮಿ. ಸತ್ತ ಬ್ರೌಸರಿನ ಹೆಸರಲ್ಲಿ ಜನರ ಗುಟ್ಟನ್ನು ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಬಿಟ್ಟುಬರಬೇಕೆ?

ಹದಡಿ ರಸ್ತೆ, ದಾವಣಗೆರೆ: ಡೌನ್‌ಲೋಡ್ ಆದ ಫೈಲ್ ಅದೇ ಕಂಪ್ಯೂಟರಿನ ಫೋಲ್ಡರಿನಲ್ಲಿ ಕುಳಿತಿರುತ್ತದಲ್ಲ, ಅದನ್ನು ನಿಮ್ಮ ನೋ-ಸ್ಟೋರ್ ಬಂದು ಅಳಿಸುತ್ತದೆಯೇ? ಮೊದಲು ಅದಕ್ಕೆ ಉತ್ತರ ಕೊಡಿ.

ಚಳ್ಳಕೆರೆ: ಫೈಲ್ ತೆರೆದುಕೊಳ್ಳದೆ ಇಳಿಯುವಂತೆ ಮಾಡುವುದು ಕಂಟೆಂಟ್-ಡಿಸ್ಪೊಸಿಷನ್ ಹೆಡರಿನ ‘ಅಟ್ಯಾಚ್‌ಮೆಂಟ್’ ಎಂಬ ಮಾತು, ಕ್ಯಾಶ್ ಹೆಡರಿಗೆ ಆ ಕೆಲಸವೇ ಇಲ್ಲ. ನನ್ನನ್ನು ಗೋಳು ಹೊಯ್ದುಕೊಂಡದ್ದು ಫೈಲಿನ ಹೆಸರು. ಎಣ್ಣೆ ಗಿರಣಿಯವರಿಗೆ ‘ಶೇಂಗಾ ಲೆಕ್ಕ’ ಎಂದೇ ಬರಬೇಕು, ಬಂದದ್ದು ಬರೀ ಅಡ್ಡಗೆರೆಗಳ ಸಾಲು. 2011ರ ಅಂತರ್ಜಾಲ ಮಾನದಂಡ ಆರ್‌ಎಫ್‌ಸಿ 6266 ಹೇಳುವಂತೆ ‘ಫೈಲ್‌ನೇಮ್’ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ, ಎಲ್ಲ ಲಿಪಿಗೂ ಸಲ್ಲುವ ಯುಟಿಎಫ್-8 ಸಂಕೇತದಲ್ಲಿ ಹೆಸರು ಕೊಡಬೇಕು. ಕನ್ನಡದ ಅಕ್ಷರಗಳೆಲ್ಲ ಶೇಕಡಾ ಚಿಹ್ನೆಯ ಸಂಕೇತಗಳಾಗುವುದರಿಂದ ‘ಶೇಂಗಾ’ ಎಂಬುದೊಂದೇ ಹೆಡರಿನಲ್ಲಿ 45 ಅಕ್ಷರ ನುಂಗುತ್ತದೆ. ನುಂಗಲಿ, ಈಗ ಅವರ ಪ್ರತಿ ಫೈಲೂ ಕನ್ನಡದಲ್ಲೇ ಇಳಿಯುತ್ತದೆ.

ಚಿತ್ರದುರ್ಗ: ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಒಂದು ಸಾಲಿನಲ್ಲಿ ಮುಗಿಯುವ ಕೆಲಸ.

ಚಳ್ಳಕೆರೆ: ಗಿರಣಿಯ ಗುಮಾಸ್ತರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರು ಫೈಲ್ ಹುಡುಕುವುದು ಹೇಗೆ, ಅದನ್ನೂ ನೀವೇ ಬಂದು ಹೇಳಿಕೊಡುತ್ತೀರಾ?

ಕೇಳಿದವರು, ದಾವಣಗೆರೆ: ಅಟ್ಯಾಚ್‌ಮೆಂಟ್ ಹಾಕಿದೆ, ಚೀಟಿ ಇಳಿಯುತ್ತಿದೆ. ಹಳೆಯ ತೂಕ ಮಾತ್ರ ಹೋಗಿಲ್ಲ.

ಹದಡಿ ರಸ್ತೆ, ದಾವಣಗೆರೆ: ನಾನು ಬರೆದ ಸಾಲನ್ನು ಓದಿದಿರಾ, ಇಲ್ಲವಾ? ಇಟ್ಯಾಗ್ ಹಾಕಿ.

ಚಿತ್ರದುರ್ಗ: ನೋ-ಸ್ಟೋರ್.