ಅಪ್‌ಡೇಟ್: ಟೈರಿನ ಬದಿ ಸವೆತಕ್ಕೆ ಕಾರಣ ಸಿಕ್ಕಿತು

ಬೈಕಿನ ಮುಂದಿನ ಡ್ಯುಯಲ್ ಕಾಂಪೌಂಡ್ (ನಡುವೆ ಗಟ್ಟಿ, ಬದಿಗಳಲ್ಲಿ ಮೆದು ರಬ್ಬರ್ ಇರುವ) ಟೈರ್ ನಡುವೆ ಹೊಸದರಂತಿದ್ದು ಎರಡೂ ಬದಿ ಮಾತ್ರ ಬೋಳಾಗುತ್ತಿದೆ, ತಯಾರಿಕೆಯ ದೋಷವೇ ಎಂದು ಕೇಳಿದ್ದೆ. ದೋಷವಲ್ಲ.

ಗಾಳಿ ನೋಡಿ ಎಂದವರ ಮಾತೇ ನಿಜವಾಯಿತು. ಗಾಳಿಯ ಒತ್ತಡ ಅಳೆಯುವ ನನ್ನ ಹಳೆಯ ಗೇಜ್ 29 ತೋರಿಸುತ್ತಿದ್ದಾಗ ಬೇರೆ ಎರಡು ಗೇಜ್‌ಗಳಲ್ಲಿ ಬಂದದ್ದು 24 ಪಿಎಸ್‌ಐ. ಸಾಲದ್ದಕ್ಕೆ, ಸವಾರಿ ಮುಗಿಸಿ ಟೈರ್ ಬಿಸಿಯಾಗಿರುವಾಗಲೇ ಅಳೆಯುತ್ತಿದ್ದೆ; ತಣಿದ ಮೇಲೆ ಒತ್ತಡ ಇನ್ನೂ ಕಡಿಮೆ. ಗಾಳಿ ಇಳಿದಾಗ ಟೈರ್ ಅಮುಕಿ ಭಾರ ಬದಿಗೆ ಬೀಳುತ್ತದೆ. ಅಲ್ಲಿರುವುದೋ ತಿರುವಿನಲ್ಲಿ ಹಿಡಿತ ಕೊಡಲೆಂದೇ ಇಟ್ಟ ಮೆದು ರಬ್ಬರ್. ಸವೆಯದೆ ಇರುತ್ತದೆಯೇ?

ಬೆರಳಾಡಿಸಿದರೆ ಗಟ್ಟಿ ರಬ್ಬರ್ ಮುಗಿದು ಮೆದು ರಬ್ಬರ್ ಶುರುವಾಗುವ ಕಡೆ ಸಣ್ಣ ಮೆಟ್ಟಿಲಿನಂತೆ ತಾಗುತ್ತಿತ್ತು. ತಿರುವಿಗೆ ವಾಲಿಸುವಾಗ ಬೈಕ್ ತಟಕ್ಕನೆ ಒಳಕ್ಕೆ ಬೀಳುತ್ತಿದ್ದುದು ಅದರಿಂದಲೇ. ಗಾಳಿ ಸರಿಪಡಿಸಿದ ಮೇಲೂ ಅದು ಹೋಗಲಿಲ್ಲ. ಸವೆದ ಆಕಾರ ಮರಳಿ ಬರುವುದಿಲ್ಲ. ಬದಿಯ ರಬ್ಬರ್ ಸವೆತದ ಗುರುತಿನ ಮಟ್ಟಕ್ಕೆ ಬಂದಿದ್ದರಿಂದ, ನಡುಭಾಗ ಚೆನ್ನಾಗಿದ್ದರೂ ಟೈರ್ ಬದಲಾಯಿಸಿದೆ.

ಹೊಸ ಟೈರ್ 1,800 ಕಿ.ಮೀ. ಓಡಿದೆ, ಮೆಟ್ಟಿಲಿನ ಸುಳಿವಿಲ್ಲ. ವಾರಕ್ಕೊಮ್ಮೆ, ಬೈಕ್ ಹೊರತೆಗೆಯುವ ಮೊದಲೇ ಗಾಳಿ ಅಳೆಯುತ್ತಿದ್ದೇನೆ. ಗೇಜನ್ನೇ ಪರೀಕ್ಷಿಸಿ ಎಂದು ಪಟ್ಟು ಹಿಡಿದವರಿಗೆ ಮನಸಾರೆ ಧನ್ಯವಾದ.